ಅಚ್ಚು ಎಷ್ಟು ಗಟ್ಟಿಯಾಗಿರಬೇಕು?

ಮನೆಮಂದಿಯೆಲ್ಲರೂ ಓದುವ ಮಾಸಪತ್ರಿಕೆಯಲ್ಲಿ ಜೀಪಿನ ಅಚ್ಚು-ಕಮಾನುಗಳ ವಿಚಾರವೇತಕ್ಕೆಂದು ಕೆಲವರು ವಾಚಕರು ಮೂಗಿನ ಮೇಲೆ ಬೆರಳಿಡಬಹುದು. ಆದರೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುವ ನಮ್ಮ ಕಡಗಂಚಿ ಸೀಮೆಯ ಒಕ್ಕಲಿಗೆ ಇದು ಬಿತ್ತುವ ಬೀಜದ ವಿಚಾರದಷ್ಟೇ ಮನೆಯ ವಿಚಾರವಾಗಿರುವುದು. ನಮ್ಮ ತಮ್ಮನ ಮನೆಯಲ್ಲಿ ಇದೇ ವಿಷಯವಾಗಿ ಮೂರು ತಿಂಗಳು ವಾದ ನಡೆದು, ಮಾತು ಬಿಡುವಷ್ಟಕ್ಕೂ ಹೋಗಿತ್ತು. ನಾವು ಯಂತ್ರಶಾಸ್ತ್ರವನ್ನು ಬಲ್ಲವರಲ್ಲ. ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ಕಳೆದವರು. ಹೀಗಿದ್ದರೂ ಆ ವಾದದಲ್ಲಿ ಮಧ್ಯಸ್ಥಗಾರಿಕೆ ನಮ್ಮ ಪಾಲಿಗೆ ಬಂದುದರಿಂದ, ಬಲ್ಲವರಿಂದ ಕೇಳಿ, ಗಣಿತವನ್ನು ಮಾಡಿ, ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ.

ಕಡಗಂಚಿಯು ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯ ಮೇಲಿನ ಊರು. ಗುರುಚರಿತ್ರೆಯಲ್ಲಿ ಬರುವ ಸಾಯಂದೇವನ ಊರೆಂದು ದತ್ತಭಕ್ತರೂ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವ ಸ್ಥಳವೆಂದು ವಿದ್ಯಾರ್ಥಿಗಳೂ ಇದನ್ನು ಬಲ್ಲರು. ಡಾಂಬರಿನ ಮೇಲೆ ಇರುವತನಕ ಯಾವ ವಾಹನವಾದರೂ ಸರಿಯೇ. ಡಾಂಬರು ಬಿಟ್ಟು ಹೊಲದ ದಾರಿ ಹಿಡಿದೊಡನೆ ಎರೆಭೂಮಿಯ ರಾಜ್ಯ ಮೊದಲಾಗುವುದು. ದಖನ್ನಿನ ಕರಿಕಲ್ಲು ಯುಗಯುಗಾಂತರಗಳಲ್ಲಿ ಕರಗಿ ಆದ ಈ ಮಣ್ಣು ನೀರನ್ನು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ. ಬೇಸಿಗೆಯಲ್ಲಿ ಇದರ ಬಿರುಕಿನಲ್ಲಿ ಕೈ ಇಳಿಯುವುದು. ಮಳೆಗಾಲದಲ್ಲಿ ಇದು ಚಪ್ಪಲಿಗೆ ಅಂಟಿ, ನಡೆಯುವವನ ಕಾಲನ್ನು ಆನೆಯ ಕಾಲು ಮಾಡುವುದು. ತೊಗರಿಗೆ ಇದಕ್ಕಿಂತ ಮೇಲಾದ ತಾಯಿಯಿಲ್ಲ. ಗಾಲಿಗೆ ಇದಕ್ಕಿಂತ ಕೆಟ್ಟ ಮಲತಾಯಿಯೂ ಇಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಈ ಕಡೆ ಮಳೆ ಹೆಚ್ಚು. ಆಗ ಟ್ರ್ಯಾಕ್ಟರು ತುಳಿದ ಸಾಲುಗಳು ಮೊಣಕಾಲುದ್ದ ಇಳಿದಿರುತ್ತವೆ.

2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ನಮ್ಮ ತಮ್ಮನ ಹೆಂಡತಿಗೆ ವಿಪರೀತವಾದ ಜ್ವರವೂ ವಾಂತಿಯೂ ಆದುವು. ಹುಡುಗನು, ಅಂದರೆ ಅವಳ ಮಗನು, ತಾಯಿಯನ್ನು ಹಳೆಯ ಜೀಪಿನಲ್ಲಿ ಮಲಗಿಸಿಕೊಂಡು ಕಲಬುರಗಿಯ ಆಸ್ಪತ್ರೆಗೆಂದು ಹೊರಟನು. ಹೊಲದ ದಾರಿಯನ್ನು ಮುಕ್ಕಾಲು ಪಾಲು ದಾಟಿದ್ದಾಗ ಹಿಂದುಗಡೆ ‘ಟಣ್’ ಎಂದು ಗಂಟೆಯ ನಾದದಂತಹ ಸದ್ದು ಕೇಳಿತು. ಹಿಂದಿನ ಗಾಲಿಗಳು ನಿಂತುಬಿಟ್ಟವು. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಕೊಟ್ಟು ನೋಡಿದರೆ ಅವು ಕೆಸರಿನಲ್ಲಿ ಸುಮ್ಮನೆ ತಿರುಗಿದುವಲ್ಲದೆ ಗಾಡಿ ಮುಂದಕ್ಕೆ ಬರಲಿಲ್ಲ. ಮಳೆಯಲ್ಲಿ ಓಡಿಹೋಗಿ ನೆರೆಯವರನ್ನೆಬ್ಬಿಸಿ ಟ್ರ್ಯಾಕ್ಟರು ತರುವುದರಲ್ಲಿ ಎರಡು ಗಂಟೆ ಸಂದುವು. ದೇವರ ದಯದಿಂದ ಅವಳು ಬದುಕಿಕೊಂಡಳು. ಆದರೆ ಆ ಎರಡು ಗಂಟೆಗಳು ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟುವು. “ದೊಡ್ಡಪ್ಪಾ, ಈ ಗಾಡಿ ಇನ್ನೊಮ್ಮಿ ಹಂಗ ಕೈಕೊಡಬಾರದು. ಎಷ್ಟು ರೊಕ್ಕ ಹೋದ್ರೂ ಹೋಗಲಿ” ಎಂದು ಪಟ್ಟು ಹಿಡಿದನು.

ಕೆಲವು ದಿನಗಳಲ್ಲಿಯೇ ಅವನು ಒಂದು ದೊಡ್ಡ ಪಟ್ಟಿಯನ್ನು ತಂದು ನಮ್ಮ ಮುಂದಿರಿಸಿದನು. ಇನ್ನೂ ದಪ್ಪವಾದ ಅಚ್ಚು ಹಿಂದಕ್ಕೂ ಮುಂದಕ್ಕೂ; ನಾಲ್ಕು ಅಂಗುಲ ಎತ್ತರಿಸುವ ಕಮಾನುಪಟ್ಟಿಗಳು; 28 ಅಂಗುಲದ ಟಯರಿಗೆ ಬದಲು 32 ಅಂಗುಲದ್ದು; ಎರಡು ಗಾಲಿಗಳನ್ನೂ ಒಟ್ಟಿಗೆ ತಿರುಗಿಸುವ ‘ಲಾಕರ್’ ಎಂಬ ಉಪಕರಣ. ಒಟ್ಟು 2,60,000 ರೂಪಾಯಿ. ಆ ಹೊಲದ ಒಂದು ವರ್ಷದ ತೊಗರಿಯ ಹಣದಲ್ಲಿ ಖರ್ಚು ಕಳೆದು ಉಳಿಯುವುದು ಅಷ್ಟಿಲ್ಲ. ತಂಗಿಯ ಕಾಲೇಜಿನ ಶುಲ್ಕವೂ, ಕೊಳವೆಬಾವಿಯ ಸಾಲದ ಕಂತೂ ಅದೇ ಚೀಲದಿಂದ ಹೊರಡಬೇಕಾದುವು. ತಮ್ಮನು ಬೇಡವೆಂದನು; ಮಗನು ‘ಅವ್ವನ ಜೀವಕ್ಕಿಂತ ರೊಕ್ಕ ಹೆಚ್ಚೇ?’ ಎಂದು ಕೇಳಿದನು. ಈ ಪ್ರಶ್ನೆಗೆ ಯಾವ ತಂದೆ ಏನೆಂದು ಉತ್ತರ ಕೊಟ್ಟಾನು? ಇಬ್ಬರೂ ಸುಮ್ಮನಾದರು, ಪಟ್ಟಿ ನಮ್ಮ ಕೈಗೆ ಬಂದಿತು.

ಮುರಿದ ಅಚ್ಚುಕೋಲನ್ನು ಕಲಬುರಗಿಯ ಒಬ್ಬ ಹಳೆಯ ಮಿಸ್ತ್ರಿಯ ಬಳಿಗೆ ಕೊಂಡೊಯ್ದೆವು. ಎಪ್ಪತ್ತು ದಾಟಿದ ವೃದ್ಧರು. ಜೀಪುಗಳ ಅಡಿಯಲ್ಲಿಯೇ ಜೀವ ಸವೆಸಿದವರು. ನಮ್ಮ ಮನಸ್ಸಿನಲ್ಲಿ ಒಂದೇ ಪ್ರಶ್ನೆಯಿದ್ದಿತು: ಆ ರಾತ್ರಿ ಗಾಡಿಯಲ್ಲಿ ತಾಯಿ ಮಗ ಇಬ್ಬರೇ ಇದ್ದರು, ಭಾರವೇ ಇರಲಿಲ್ಲ. ಹಾಗಿದ್ದ ಮೇಲೆ ಅಚ್ಚು ಮುರಿದುದೇಕೆ? ಮುದುಕರು ಮುರಿದ ಮುಖವನ್ನು ಒರೆಸಿ ಬೆಳಕಿಗೆ ಹಿಡಿದರು. ಅರ್ಧಕ್ಕಿಂತ ಹೆಚ್ಚು ಭಾಗ ನಯವಾಗಿ, ಕಂದುಗಟ್ಟಿ, ಕೆರೆಯ ನೀರು ಇಳಿದಂತೆ ಗೆರೆಗೆರೆಯಾಗಿದ್ದಿತು. ಉಳಿದ ಭಾಗ ಮಾತ್ರ ಹರಳುಹರಳಾಗಿ ಹೊಳೆಯುತ್ತಿದ್ದಿತು. “ನೋಡ್ರಿ ಗುರುಗಳೇ, ಇದು ಆ ರಾತ್ರಿ ಮುರಿದದ್ದಲ್ಲ. ಈ ಕಂದು ಅದಲ್ಲ, ಅದು ಹಳೇ ಸೀಳು. ವರ್ಷದಿಂದ ಒಳಗೊಳಗ ಹರದದ. ಆ ರಾತ್ರಿ ಇಷ್ಟೇ ಉಳಿದಿತ್ತು, ಹೋತು. ಈ ಗಾಡ್ಯಾಗ ಏನು ಹೇರತಿದ್ರಿ?” ಎಂದು ಕೇಳಿದರು. ಹುಡುಗನು ತಲೆ ತಗ್ಗಿಸಿದನು. ಗೊಬ್ಬರದ 50 ಕಿಲೋದ ಚೀಲಗಳನ್ನು ಒಮ್ಮೆಗೆ ಹತ್ತು-ಹನ್ನೆರಡು ಹೇರಿ, ಅದರ ಮೇಲೆ ನಾಲ್ಕು ಆಳುಗಳನ್ನು ಕೂರಿಸಿ ತಂದುದು ಎರಡು ಹಂಗಾಮುಗಳಿಂದ ನಡೆದಿದ್ದಿತಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಈ ಜಾತಿಯ ಜೀಪನ್ನು ನಿರ್ಮಿಸಿದಾಗ ಅದನ್ನು ಅವರ ಎಣಿಕೆಯಲ್ಲಿ ‘ಕಾಲು ಟನ್ನಿನ ಲಾರಿ’ ಎಂದೇ ಕರೆದಿದ್ದರು. ನಮ್ಮವನು ಹೇರಿದುದು ಮುಕ್ಕಾಲು ಟನ್ನನ್ನು ಮೀರಿತ್ತು.

ಅದನ್ನು ಕೇಳುತ್ತಿದ್ದಂತೆ ನಮಗೆ ಚರಕಸಂಹಿತೆಯ ಒಂದು ಪ್ರಕರಣ ನೆನಪಾಯಿತು. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ಗುರುವಾದ ಆತ್ರೇಯನನ್ನು ಕಾಲಮೃತ್ಯು, ಅಕಾಲಮೃತ್ಯು ಎಂಬ ಭೇದವು ಹೇಗೆಂದು ಪ್ರಶ್ನಿಸುತ್ತಾನೆ. ಆತ್ರೇಯನು ಕೊಡುವ ದೃಷ್ಟಾಂತವು ರಥದ ಅಚ್ಚು. ಒಳ್ಳೆಯ ಗುಣಗಳುಳ್ಳ ಅಚ್ಚು ತನ್ನ ಪ್ರಮಾಣವನ್ನು ಸವೆಸಿ ಕಾಲ ತುಂಬಿದಾಗ ಕೊನೆಗಾಣುವುದು. ಅದೇ ಅಚ್ಚು ಅತಿಭಾರದಿಂದಲೋ, ಏರುಪೇರಾದ ದಾರಿಯಿಂದಲೋ, ದಾರಿಯಲ್ಲದ ದಾರಿಯಲ್ಲಿ ಹೋದುದರಿಂದಲೋ, ಗಾಲಿ ಕೆಟ್ಟುದರಿಂದಲೋ, ಎಳೆಯುವುದರ ಅಥವಾ ನಡೆಸುವವನ ದೋಷದಿಂದಲೋ, ಕಡಾಣಿ ಕಳಚಿದುದರಿಂದಲೋ, ಎಣ್ಣೆ ಕಾಣದುದರಿಂದಲೋ ನಡುವೆಯೇ ಮುರಿಯುವುದು. ಮನುಷ್ಯನ ಆಯುಸ್ಸೂ ಹಾಗೆಯೇ ಎಂಬುದು ಅವನ ತಾತ್ಪರ್ಯ. ವೈದ್ಯನು ಅಚ್ಚಿನಿಂದ ಆಯುಸ್ಸನ್ನು ಅರಿತನು. ನಾವು ಅವನಿಂದ ಅಚ್ಚನ್ನು ಅರಿಯಬೇಕಾಯಿತು. ಗಮನಿಸಬೇಕಾದುದೇನೆಂದರೆ, ಅವನ ಪಟ್ಟಿಯಲ್ಲಿ ‘ಅಚ್ಚು ತೆಳುವಾದುದರಿಂದ’ ಎಂಬ ಕಾರಣವು ಎಲ್ಲಿಯೂ ಇಲ್ಲ. ಅಚ್ಚು ಎಂಬ ನಮ್ಮ ಮಾತೇ ಸಂಸ್ಕೃತದ ಅಕ್ಷ ಶಬ್ದದ ತದ್ಭವವೆನ್ನುತ್ತಾರೆ. ಕಮಾನು ಮಾತ್ರ ಬಿಲ್ಲೆಂಬರ್ಥದ ಫಾರಸಿ. ಒಂದೇ ಗಾಡಿಯ ಅಡಿಯಲ್ಲಿ ಎರಡೂ ಭಾಷೆಗಳು ಜಗಳವಿಲ್ಲದೆ ಭಾರ ಹೊತ್ತಿವೆ.

ಇನ್ನು ಪಟ್ಟಿಯ ವಿಚಾರ. ಜೀಪಿನ ಹಿಂದಿನ ಅಚ್ಚಿಗೆ ಎರಡು ಕೆಲಸಗಳುಂಟು: ಭಾರವನ್ನು ಹೊರುವುದು, ಗಾಲಿಯನ್ನು ತಿರುಗಿಸುವುದು. ದೊಡ್ಡ ಲಾರಿಗಳಲ್ಲಿ ಹೊರುವ ಕೆಲಸವನ್ನು ಹೊರಗಿನ ಕೊಳವೆಯೂ ಬೇರಿಂಗುಗಳೂ ಮಾಡುತ್ತವೆ. ಒಳಗಿನ ಕೋಲು ತಿರುಗಿಸುವುದಷ್ಟೆ. ಅಂತಹುದರಲ್ಲಿ ಕೋಲು ಮುರಿದರೂ ಗಾಲಿ ಕಳಚುವುದಿಲ್ಲ. ಯುದ್ಧಕಾಲದ ಜೀಪಿಗೆ ಇಂತಹ ಅಚ್ಚೇ ಇದ್ದಿತು. ಯುದ್ಧಾನಂತರ ನಾಗರಿಕರಿಗೆಂದು ಬಂದ ಜೀಪುಗಳಲ್ಲಿ ಮಾತ್ರ ಹಿಂದಿನ ಕೋಲೇ ಎರಡೂ ಕೆಲಸಗಳನ್ನು ಮಾಡುವಂತಾಯಿತು. ಭಾರತದಲ್ಲಿ ಮಹೀಂದ್ರ ಕಂಪನಿಯು 1947ರಲ್ಲಿ ಜೀಪುಗಳನ್ನು ಜೋಡಿಸತೊಡಗಿದಂದಿನಿಂದ ಆ ವಂಶ ನಮ್ಮ ಹಳ್ಳಿಗಳಲ್ಲಿ ಬೆಳೆದುಬಂದಿದೆ. ಹಳ್ಳಿಯವರು ಅದರಲ್ಲಿ ಹೇರಿರುವುದನ್ನು ನೆನೆದರೆ ಅಚ್ಚುಗಳು ಮುರಿಯುವುದಕ್ಕಿಂತ ಮುರಿಯದಿರುವುದೇ ಆಶ್ಚರ್ಯ.

ಕೋಲು ದಪ್ಪವಾದರೆ ಬಲ ಬಹಳ ಹೆಚ್ಚುತ್ತದೆ, ನಿಜ. ತಿರುಚನ್ನು ತಡೆಯುವ ಶಕ್ತಿ ವ್ಯಾಸದ ಘನದಂತೆ ಏರುವುದರಿಂದ, ದಪ್ಪ ಹತ್ತನೆಯ ಒಂದು ಪಾಲು ಹೆಚ್ಚಿದರೆ ಬಲ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಹುಡುಗನು ಈ ಲೆಕ್ಕವನ್ನೇ ಹಿಡಿದಿದ್ದನು. ಆದರೆ ಅವನ ಪಟ್ಟಿಯಲ್ಲಿ ಒಂದು ವಸ್ತು ಗಳಿಸಿಕೊಟ್ಟುದನ್ನು ಇನ್ನೊಂದು ವಸ್ತು ಕಳೆಯುತ್ತಿದ್ದಿತು. 28 ಅಂಗುಲದ ಟಯರು 32 ಆದರೆ ಗಾಲಿಯ ತ್ರಿಜ್ಯ ಏಳನೆಯ ಒಂದು ಪಾಲು ಹೆಚ್ಚಿ, ಹಿಡಿತ ಸಿಕ್ಕ ನೆಲದಲ್ಲಿ ಕೋಲಿನ ಮೇಲಿನ ತಿರುಚೂ ಅಷ್ಟೇ ಹೆಚ್ಚುವುದು. ಬ್ರೇಕಿಗೂ ಅಷ್ಟೇ ಕೆಲಸ ಹೆಚ್ಚು. ಎಂಜಿನ್ನಿಗೆ ಕೆಳಗಿನ ಗೇರಿನ ಬಲ ಅಷ್ಟು ಕಡಿಮೆ. ವೇಗಸೂಚಕವು 70 ಎಂದು ತೋರಿಸುವಾಗ ಗಾಡಿ 80ರಲ್ಲಿ ಓಡುವುದು. ಲಾಕರಿನ ಕಥೆಯೋ ಇನ್ನೂ ವಿಚಿತ್ರ. ಸಾಧಾರಣ ಗಾಡಿಯಲ್ಲಿ ಎರಡು ಕೋಲುಗಳೂ ಬಲವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಒಂದು ಗಾಲಿ ಜಾರಿದರೆ ಇನ್ನೊಂದೂ ಸೋಲುತ್ತದೆ, ಅದು ಅದರ ದೋಷ. ಲಾಕರು ಹಾಕಿದರೆ ಹಿಡಿತವಿದ್ದ ಒಂದೇ ಗಾಲಿಗೆ ಸರ್ವಬಲವೂ ಹೋಗಬಲ್ಲದು. ಗಾಡಿ ಏಳುತ್ತದೆ, ಆದರೆ ಇಬ್ಬರು ಹೊರುತ್ತಿದ್ದುದನ್ನು ಒಬ್ಬನೇ ಹೊರಬೇಕಾಗುತ್ತದೆ. ಆಗ ಕೋಲು ದಪ್ಪವಾಗಬೇಕು. ಕೋಲು ದಪ್ಪವಾದರೆ ಒಳಗಿನ ಹಲ್ಲಿನ ಚಕ್ರಗಳು ಸೋಲುತ್ತವೆ. ಅವನ್ನು ಬದಲಿಸಿದರೆ ನಡುವಿನ ದೀರ್ಘದಂಡದ ಕೀಲು. ಅದಾದ ಮೇಲೆ ಗೇರುಪೆಟ್ಟಿಗೆ. ಹೆಗ್ಗಣ ಹೊಕ್ಕ ಕಣಜದಂತೆ ಒಂದು ತೂತು ಮುಚ್ಚಿದರೆ ಮತ್ತೊಂದು ತೆರೆಯುವುದು.

ಈ ಮಾತಿಗೆ ಮಿಸ್ತ್ರಿಗಳು ನಕ್ಕು ಹೇಳಿದುದನ್ನು ನಾವು ಬರೆದಿಟ್ಟುಕೊಂಡಿದ್ದೇವೆ: “ಯಾವುದರ ಒಂದು ಮುರಿಯೋದು ಮುರದೇ ಮುರೀತದ ಗುರುಗಳೇ. ಸಸ್ತಾ ಇದ್ದದ್ದು, ಕೈಗೆ ಸಿಗೂದು ಮೊದಲ ಮುರೀಬೇಕು. ಎಕ್ಸೆಲ್ ಹೋದ್ರ ಒಂದು ತಾಸಿನ ಕೆಲಸ. ಒಳಗಿನ ಹಲ್ಲು ಹೋದ್ರ ಗಾಡಿ ವಾರ ನಿಲ್ಲತದ.” ಆ ಸೀಮೆಯಲ್ಲಿ ರೈತನ ಮನೆಯ ಗಾಡಿ ವಾರ ನಿಂತರೆ ಏನಾಗುವುದೆಂಬುದನ್ನು ಹುಡುಗನಿಗೆ ವಿವರಿಸಬೇಕಾಗಲಿಲ್ಲ.

ಎತ್ತರಿಸುವ ಕಮಾನುಗಳ ವಿಷಯದಲ್ಲಿ ನಮಗೂ ಒಂದು ಭ್ರಮೆಯಿದ್ದಿತು. ಗಾಡಿ ನಾಲ್ಕು ಅಂಗುಲ ಎತ್ತರವಾದರೆ ಸಾಲಿನ ನಡುವಣ ದಿಣ್ಣೆಗೆ ಹೊಟ್ಟೆ ತಗುಲದೆಂದು ಎಣಿಸಿದ್ದೆವು. ಆದರೆ ಗಟ್ಟಿ ಅಚ್ಚಿನ ಗಾಡಿಯಲ್ಲಿ ದಿಣ್ಣೆಗೆ ತಗುಲುವುದು ಹೊಟ್ಟೆಯಲ್ಲ. ಅಚ್ಚಿನ ನಡುವೆ ಜೋಲುವ ಹಲ್ಲುಚಕ್ರದ ಗುಂಡು. ಕಮಾನು ಕೂತಿರುವುದು ಅಚ್ಚಿನ ಮೇಲೆ. ಕಮಾನನ್ನು ಎಷ್ಟು ಎತ್ತರಿಸಿದರೂ ಗಾಡಿಯ ಮೈ ಏರುವುದೇ ಹೊರತು ಗುಂಡು ಇದ್ದಲ್ಲೇ ಇರುವುದು. ಗುಂಡನ್ನು ಏರಿಸುವುದು ಟಯರು ಮಾತ್ರ, ಅದೂ ಅರ್ಧ: ನಾಲ್ಕು ಅಂಗುಲ ದೊಡ್ಡ ಟಯರಿಗೆ ಎರಡೇ ಅಂಗುಲ. ಮೊಣಕಾಲುದ್ದದ ಸಾಲಿನಲ್ಲಿ ಎರಡಂಗುಲವು ಅರಸನ ಸೈನ್ಯದೆದುರು ಒಬ್ಬ ಕಾವಲುಗಾರ.

ಗಡಸು ಕಮಾನಿನಿಂದ ಇನ್ನೊಂದು ಹಾನಿಯುಂಟು. ಪಟ್ಟಿಗಳು ಹೆಚ್ಚಿದಷ್ಟೂ ಕಮಾನು ಬಿಗಿಯಾಗುವುದು. ಒಂದು ಗಾಲಿ ತಗ್ಗಿಗೆ ಇಳಿಯಬೇಕಾದಾಗ ಇಳಿಯದೆ ಗಾಳಿಯಲ್ಲಿ ನಿಲ್ಲುವುದು. ಗಾಳಿಯಲ್ಲಿದ್ದ ಗಾಲಿ ತಿರುಗುತ್ತಲೇ ಇರುವುದು, ನೆಲದ ಮೇಲಿನದು ಸುಮ್ಮನಿರುವುದು. ಹೊಲದ ಗಾಡಿಗೆ ಬೇಕಾದುದು ಬಾಗುವ ಕಮಾನು; ಹೇರುವ ಗಾಡಿಗೆ ಬಾಗದ ಕಮಾನು. ಒಂದೇ ಗಾಡಿಯಿಂದ ಎರಡನ್ನೂ ಬಯಸುವುದೇ ನಮ್ಮ ಮನೆಯ ಜಗಳದ ಮೂಲವೆಂದು ನಮಗೆ ಅಲ್ಲಿ ಹೊಳೆಯಿತು.

ಮಗುಚುವ ಭಯವೊಂದು ಉಳಿಯಿತು. ಇದನ್ನು ಮಕ್ಕಳೊಂದಿಗನಾದ ಯಾವ ಗೃಹಸ್ಥನೂ ಹಗುರಾಗಿ ಕಾಣತಕ್ಕುದಲ್ಲ. ಎರಡು ಗಾಲಿಗಳ ನಡುವಣ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿದರೆ ಬರುವ ಸಂಖ್ಯೆಯು ಗಾಡಿಯ ಸ್ಥಿರತೆಯ ಅಳತೆ. ಅಂತರವು 48 ಅಂಗುಲ, ಎತ್ತರ 24 ಅಂಗುಲವೆಂದು ಇಟ್ಟುಕೊಂಡರೆ 1 ಬರುವುದು. ಕಮಾನು ಟಯರುಗಳೆರಡೂ ಸೇರಿ ಎತ್ತರವನ್ನು ಐದು ಅಂಗುಲ ಏರಿಸಿದರೆ ಅದು 0.83ಕ್ಕೆ ಇಳಿಯುವುದು. ಆರನೆಯ ಒಂದು ಪಾಲು ಸ್ಥಿರತೆಯನ್ನು ಹಣ ಕೊಟ್ಟು ಕಳೆದುಕೊಂಡಂತಾಯಿತು. ದತ್ತಜಯಂತಿಗೆ ಇದೇ ಜೀಪಿನಲ್ಲಿ ಮನೆಯ ಹೆಂಗಸರೂ ಮಕ್ಕಳೂ ಕೂಡಿ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೋಗುತ್ತಾರೆ. ಹೋಗುವುದು ಡಾಂಬರಿನ ಮೇಲೆ, ವೇಗವಾಗಿ, ತಿರುವುಗಳಲ್ಲಿ. ಹುಡುಗನು ಈ ಲೆಕ್ಕವನ್ನು ಎರಡು ಸಲ ತಾನೇ ಮಾಡಿ ನೋಡಿದನು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನವನ್ನು ತಯಾರಕನ ಮೂಲ ವಿವರಗಳಿಂದ ಬೇರೆಯಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇದನ್ನೇ. ಸವೆದುದನ್ನು ಅದೇ ಅಳತೆಯ ಒಳ್ಳೆಯ ಭಾಗದಿಂದ ಬದಲಿಸುವುದು ದುರಸ್ತಿ. ಗಾಡಿಯ ರೂಪವನ್ನೇ ಬದಲಿಸುವುದು ಬೇರೆ.

ಇಷ್ಟಾದರೂ ನಿರ್ಣಯವಾದುದು ನಮ್ಮ ಗಣಿತದಿಂದಲ್ಲ. ಆ ದಿನಗಳಲ್ಲಿ ಎತ್ತರಿಸಿದ ಒಂದು ಜೀಪನ್ನು ಹುಡುಗನ ಗೆಳೆಯನು ಅಂಗಳಕ್ಕೆ ತಂದು ನಿಲ್ಲಿಸಿದನು. ಹುಡುಗನು ತಾಯಿಯನ್ನು ಕರೆದು ಹತ್ತಿ ನೋಡೆಂದನು. ಮೊಣಕಾಲು ನೋವಿನ ಹೆಂಗಸು. ಮೆಟ್ಟಿಲಿಗೆ ಕಾಲು ಎಟುಕಲಿಲ್ಲ. ಎರಡು ಸಲ ಪ್ರಯತ್ನಿಸಿ, ಸೆರಗು ಸರಿಪಡಿಸಿಕೊಂಡು, “ನನ್ನ ಸಲುವಾಗಿ ಗಟ್ಟಿ ಮಾಡಸ್ತೀನಿ ಅಂತಿಯಲ್ಲಪಾ, ನಾನೇ ಹತ್ತಲಿಕ್ಕೆ ಬರದಿದ್ರ ಯಾರನ್ನ ಕೂಡಿಸ್ಕೊಂಡು ಹೋಗ್ತಿ?” ಎಂದಳು. ಗೆಳೆಯನು ನಕ್ಕನು, ಹುಡುಗನು ನಗಲಿಲ್ಲ. ಆ ರಾತ್ರಿ ಊಟವಾದ ಮೇಲೆ ಅವನೇ ಪಟ್ಟಿಯನ್ನು ತಂದು, ‘ದೊಡ್ಡಪ್ಪಾ, ಎಲ್ಲಿಗೆ ನಿಲ್ಲಿಸಬೇಕು ಹೇಳ್ರಿ’ ಎಂದನು.

ನಿಲ್ಲಿಸಿದುದು ಇಲ್ಲಿಗೆ. ಹಿಂದಿನ ಎರಡೂ ಅಚ್ಚುಕೋಲುಗಳು ಹೊಸವು, ಮೂಲದ ಅಳತೆಯವೇ. ಒಂದು ಮುರಿದಿದ್ದರೂ ಎರಡನ್ನೂ ಬದಲಿಸಿದುದೇಕೆಂದರೆ, ಎರಡೂ ಅದೇ ಚೀಲಗಳನ್ನು ಹೊತ್ತವು. ಬಿಚ್ಚಿ ನೋಡಿದಾಗ ಎರಡನೆಯದರಲ್ಲಿಯೂ ಕೂದಲೆಳೆಯಂತಹ ಸೀಳು ಕಂಡಿತು. ಬೇರಿಂಗುಗಳು, ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಹೊಸವು. ಹಳೆಯ ಕಮಾನುಗಳಲ್ಲಿ ಮೂರು ಪಟ್ಟಿಗಳು ಬಿರಿದಿದ್ದುವಾದುದರಿಂದ ನಾಲ್ಕೂ ಕಮಾನುಗಳನ್ನು ಅದೇ ಎತ್ತರಕ್ಕೆ ಹೊಸದಾಗಿ ಕಟ್ಟಿಸಿ, ಅವುಗಳ ಬುಶ್ಶುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಲಾಯಿತು. ಟಯರು ಅದೇ ಅಳತೆಯದು, ಕೆಸರಿಗೆ ತಕ್ಕ ಆಳವಾದ ಕಚ್ಚಿನದು. ಎಲ್ಲ ಸೇರಿ 84,000 ರೂಪಾಯಿ. ದಪ್ಪ ಅಚ್ಚು, ಲಾಕರು, ಎತ್ತರದ ಕಮಾನು ಮೂರನ್ನೂ ಕೈಬಿಟ್ಟೆವು. ಇದರಲ್ಲಿ ಲಾಕರಿನ ವಿಷಯವಾಗಿ ಮಾತ್ರ ನಮಗೆ ಇನ್ನೂ ಸಂದೇಹವಿದೆ; ಕೆಸರಿನಲ್ಲಿ ಅದು ಉಪಕಾರಿಯೆಂಬುದನ್ನು ಅಲ್ಲಗಳೆಯಲಾರೆವು.

ಉಳಿದ ಹಣದಲ್ಲಿ ಒಂದು ಪಾಲು ದಾರಿಗೆ ಹೋಯಿತು. ನೆರೆಯ ಮೂರು ಹೊಲಗಳವರು ಕೂಡಿಕೊಂಡು, ಆ ದಾರಿಯಲ್ಲಿ ನೀರು ನಿಲ್ಲುವ ಎರಡು ತಗ್ಗುಗಳಿಗೆ ಮುರಮು ತುಂಬಿ, ಪಕ್ಕದಲ್ಲಿ ನೀರು ಹರಿದುಹೋಗಲು ಕಾಲುವೆ ತೋಡಿದರು. ಎರೆಯ ಮೇಲೆ ಸುರಿದ ಮುರಮು ಮೊದಲ ಮಳೆಗೆ ಅರ್ಧ ನುಂಗಿಹೋಗುವುದು; ಮಾರನೆಯ ವರ್ಷ ಮತ್ತೆ ಹಾಕಬೇಕಾಯಿತು, ಹಾಕಿದರು. ಗಾಡಿಯನ್ನು ಬದಲಿಸುವುದೋ ದಾರಿಯನ್ನೋ ಎಂಬ ಈ ಪ್ರಶ್ನೆಯೇನೂ ಹೊಸದಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸುವುದಕ್ಕಾಗಿ ವರ್ಷಗಟ್ಟಲೆ ದುಡಿದರು. ರಬ್ಬರು ಗಾಲಿಯೂ ಒಳ್ಳೆಯ ಬೇರಿಂಗೂ ಎತ್ತಿಗೆ ಸುಖವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಗಾಡಿಯ ಬೆಲೆ ಎತ್ತಿನ ಬೆಲೆಯನ್ನು ಮೀರಿದರೆ ಕೊಳ್ಳುವವರಾರು? ನಮ್ಮ ತಂದೆಯವರ ಚಕ್ಕಡಿಗೆ ಕಮಾನೆಂಬುದೇ ಇರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಅಮಾವಾಸ್ಯೆ ಬಂದರೆ ತಪ್ಪದೆ ಅಚ್ಚಿಗೆ ಬಳಿಯುತ್ತಿದ್ದರು. ಆ ಡಬ್ಬಿಯನ್ನು ಗಾಡಿಯ ಕೆಳಗೆ ಕಟ್ಟಿರುತ್ತಿದ್ದರು.

ಈಗ ಹುಡುಗನು ಪ್ರತಿ ಅಮಾವಾಸ್ಯೆಗೆ ಜೀಪಿನ ಅಡಿಗೆ ನುಗ್ಗಿ ಗ್ರೀಸು ಹೊಡೆಯುತ್ತಾನೆ; ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಕೋಲುಗಳನ್ನು ಹೊರಗೆಳೆಸಿ ಸೀಳು ಬಿಟ್ಟಿದೆಯೇ ಎಂದು ನೋಡಿಸುತ್ತಾನೆ. ಗೊಬ್ಬರದ ಚೀಲಗಳು ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಕಳೆದ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಮಳೆ ಹಿಡಿದಾಗ ಜೀಪು ಒಮ್ಮೆ ಸಿಕ್ಕಿಬಿದ್ದಿತು. ಟಯರಿನ ಗಾಳಿ ಇಳಿಸಿ, ಗಾಲಿಯಡಿಗೆ ತೊಗರಿಕಟ್ಟಿಗೆ ತುರುಕಿ, ಅರ್ಧ ಗಂಟೆಯಲ್ಲಿ ಎಬ್ಬಿಸಿದನಂತೆ. ಮುರಿದ ಅಚ್ಚುಕೋಲಿನ ಉದ್ದನೆಯ ತುಂಡನ್ನು ಅವನ ತಾಯಿ ಗುಜರಿಗೆ ಹಾಕಗೊಡಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಅದನ್ನು ಹೂಳಿಸಿದ್ದಾಳೆ. ಮೊನ್ನೆ ನಾವು ಹೋದಾಗ ಅದಕ್ಕೆ ಹೊಸದಾಗಿ ಈದ ಆಕಳನ್ನು ಕಟ್ಟಿದ್ದರು.